ಸೋಲನ್ನು ಕಂಡುಹಿಡಿದವರು

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮ್ಯಾಮತ್ ಕೇವ್ ಎಂಬ ಗವಿಯಿದೆ. ಈವರೆಗೆ ಗೊತ್ತಿರುವ ಗವಿಗಳಲ್ಲೆಲ್ಲ ಉದ್ದದ್ದು. ಅದರ ಒಳದಾರಿಗಳಲ್ಲಿ ತೆವಳಿ, ಅಳೆದು, ನಕ್ಷೆ ಮಾಡಿದವರಲ್ಲಿ ವಿಲ್ ಕ್ರೌದರ್ ಒಬ್ಬರು. ಕೆಲಸದಲ್ಲಿ ಅವರು ಪ್ರೋಗ್ರಾಮರ್. ಇಂಟರ್‌ನೆಟ್ಟಿಗಿಂತ ಮೊದಲಿದ್ದ ಅರ್ಪಾನೆಟ್ ಜಾಲವನ್ನು ಕಟ್ಟಿದ ತಂಡದಲ್ಲಿದ್ದವರು. 1970ರ ದಶಕದ ನಡುವಿನಲ್ಲಿ ತಮ್ಮ ಹೆಣ್ಣುಮಕ್ಕಳು ಆಡಲೆಂದು ಆ ಗವಿಯನ್ನೇ ಒಂದು ಕಂಪ್ಯೂಟರ್ ಆಟವಾಗಿ ಬರೆದರು. ಚಿತ್ರವಿಲ್ಲ, ಬರೀ ಅಕ್ಷರ. ‘ಉತ್ತರಕ್ಕೆ ಹೋಗು’, ‘ದೀಪ ಹಚ್ಚು’ ಎಂಬಂಥ ಮಾತುಗಳನ್ನು ಟೈಪ್ ಮಾಡಿದರೆ ಮುಂದೆ ಏನಿದೆಯೆಂದು ಯಂತ್ರ ಹೇಳುತ್ತಿತ್ತು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಇನ್ನಷ್ಟು ಬೆಳೆಸಿದರು. ‘ಅಡ್ವೆಂಚರ್’ ಎಂಬ ಆ ಆಟ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೋಣೆಗಳಿಗೆಲ್ಲ ಹಬ್ಬಿತು.

ಅದನ್ನು ಹುಚ್ಚು ಹಿಡಿದಂತೆ ಆಡಿದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಸ್ ಕ್ಯಾಂಪಸ್ಸಿನ ಇಬ್ಬರು ವಿದ್ಯಾರ್ಥಿಗಳಿದ್ದರು: ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್. ಆಟ ಮುಗಿದ ಮೇಲೆ ಅವರಿಗೆ ಒಂದು ಕೊರತೆ ಕಾಡತೊಡಗಿತು. ಗವಿಯ ಗುಟ್ಟು ಒಮ್ಮೆ ಬಿಡಿಸಿಕೊಂಡರೆ ತೀರಿತು, ಎರಡನೇ ಸಲ ಅಲ್ಲಿ ಹೊಸದೇನೂ ಇರುವುದಿಲ್ಲ. ತಾವೇ ಇಂಥದ್ದೊಂದು ಆಟ ಬರೆದರಂತೂ ಇನ್ನೂ ಕಷ್ಟ. ಎಲ್ಲ ಗುಟ್ಟೂ ಮೊದಲೇ ಗೊತ್ತಿರುವುದರಿಂದ ಬರೆದವನಿಗೇ ಆಡುವ ಸುಖವಿಲ್ಲ. ಬರೆದವರನ್ನೂ ಬೆರಗುಗೊಳಿಸುವ ಆಟ ಬೇಕೆಂಬ ಆಸೆಯೇ ಮುಂದಿನದಕ್ಕೆಲ್ಲ ಬೀಜ.

ಆ ಹೊತ್ತಿಗೆ ಬರ್ಕ್ಲಿ ಕ್ಯಾಂಪಸ್ಸಿನ ಕೆನ್ ಆರ್ನಾಲ್ಡ್ ‘ಕರ್ಸಸ್’ ಎಂಬ ಪ್ರೋಗ್ರಾಂ ಸಂಗ್ರಹವೊಂದನ್ನು ಸಿದ್ಧಪಡಿಸಿದ್ದರು. ಅದುವರೆಗೆ ಹೆಚ್ಚಿನ ಪ್ರೋಗ್ರಾಂಗಳು ಟರ್ಮಿನಲ್ಲಿನ ಮೇಲೆ ಸಾಲಾದ ಮೇಲೆ ಸಾಲು ಅಚ್ಚು ಮಾಡುತ್ತ ಹೋಗುತ್ತಿದ್ದವು. ಕರ್ಸಸ್ ಬಳಸಿದರೆ ಸ್ಕ್ರೀನಿನ ಯಾವ ಮೂಲೆಯಲ್ಲಿ ಬೇಕಾದರೂ ಒಂದು ಅಕ್ಷರ ಇಡಬಹುದು, ಅಳಿಸಬಹುದು, ಪಕ್ಕಕ್ಕೆ ಸರಿಸಬಹುದು. ಟಾಯ್ ಮತ್ತು ವಿಚ್‌ಮನ್ ಕಣ್ಣಿಗೆ ಇದು ನಕ್ಷೆ ಬಿಡಿಸುವ ಸಾಧನವಾಗಿ ಕಂಡಿತು. ಅಡ್ಡಗೆರೆ, ಉದ್ದಗೆರೆಗಳಿಂದ ಗೋಡೆ, ಚುಕ್ಕೆಗಳಿಂದ ನೆಲ, ಇಮೇಲ್ ವಿಳಾಸಗಳಲ್ಲಿ ಇಂದು ನಾವು ನೋಡುವ ‘ಅಟ್’ ಚಿಹ್ನೆಯೇ ಆಟಗಾರ, ಇಂಗ್ಲಿಷಿನ 26 ದೊಡ್ಡಕ್ಷರಗಳು 26 ಬಗೆಯ ಪ್ರಾಣಿ, ರಾಕ್ಷಸರು. 1980ರ ಸುಮಾರಿಗೆ ಹೀಗೆ ಹುಟ್ಟಿದ ಆಟದ ಹೆಸರು ‘ರೋಗ್’. ಆಟಗಾರ ಇಪ್ಪತ್ತಾರು ಅಂತಸ್ತಿನಷ್ಟು ಪಾತಾಳಕ್ಕೆ ಇಳಿದು, ‘ಯೆಂಡೋರ್‌ನ ತಾಯತ’ವನ್ನು ಹುಡುಕಿ, ಅದರೊಂದಿಗೆ ಜೀವಂತ ಮೇಲೆ ಬರಬೇಕು.

ಬೆರಗು ಹುಟ್ಟಿಸಲು ಅವರು ಹೂಡಿದ ಉಪಾಯ ಇದು. ಪ್ರತಿ ಅಂತಸ್ತನ್ನೂ ಮೂರು ಅಡ್ಡ, ಮೂರು ಉದ್ದದ ಒಂಬತ್ತು ಮನೆಗಳಾಗಿ ಹಂಚುವುದು. ಯಾವ ಮನೆಯಲ್ಲಿ ಕೋಣೆ, ಅದರ ಅಳತೆ ಎಷ್ಟು, ಯಾವ ಕೋಣೆಗೆ ಎಲ್ಲಿಂದ ದಾರಿ ಎಂಬುದನ್ನೆಲ್ಲ ಆ ಕ್ಷಣಕ್ಕೆ ಯಂತ್ರವೇ ತೀರ್ಮಾನಿಸುವುದು. ಹೀಗಾಗಿ ಒಬ್ಬ ಆಡಿದ ಪಾತಾಳ ಇನ್ನೊಬ್ಬನಿಗೆ ಸಿಗದು, ನಿನ್ನೆಯದು ಇವತ್ತಿಗೆ ಇರದು. ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಡಾನ್ ವರ್ತ್ ಎಂಬವರು 1978ರಲ್ಲೇ ಆಪಲ್ 2 ಕಂಪ್ಯೂಟರಿಗಾಗಿ ಬರೆದ ‘ಬಿನೀತ್ ಆಪಲ್ ಮ್ಯಾನರ್’ ಆಟದಲ್ಲೂ ಇಂಥ ಬದಲಾಗುವ ನೆಲಮಾಳಿಗೆಯಿತ್ತು. ಆದರೆ ರೋಗ್ ಬರೆದವರಿಗೆ ಅದರ ಸುಳಿವಿರಲಿಲ್ಲ. ಒಂದೇ ಬಾಗಿಲನ್ನು ಎರಡು ಕಡೆಯಿಂದ ಬೇರೆ ಬೇರೆಯವರು ತಟ್ಟಿದ್ದರು.

ನನಗೆ ಕೋಣೆಗಳಿಗಿಂತ ಹೆಚ್ಚು ಇಷ್ಟವಾದದ್ದು ಮದ್ದುಗಳು. ಪಾತಾಳದಲ್ಲಿ ಸಿಗುವ ಮದ್ದಿಗೆ ಹೆಸರಿರುವುದಿಲ್ಲ, ಬರೀ ಬಣ್ಣ. ಹಸಿರು ಮದ್ದು ಗಾಯ ಮಾಯಿಸೀತು, ಕುರುಡಾಗಿಸೀತು. ಮಂತ್ರದ ಸುರುಳಿಗಳ ಮೇಲೆ ಅರ್ಥವಾಗದ ಅಕ್ಷರಗಳ ಗೊಂಚಲು. ಯಾವುದು ಏನೆಂದು ತಿಳಿಯಲು ಇರುವ ಮುಖ್ಯ ದಾರಿ ಕುಡಿದು ನೋಡುವುದು, ಓದಿ ನೋಡುವುದು. ಮುಂದಿನ ಆಟಕ್ಕೆ ಬಣ್ಣಗಳೆಲ್ಲ ಕಲಸಿಹೋಗುತ್ತವೆ, ಹಸಿರು ಈಗ ಬೇರೆಯೇ ಮದ್ದು. ಇಂಥಲ್ಲಿ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಅಪಾಯವಿಲ್ಲದ ಹೊತ್ತಿನಲ್ಲಿ, ಮೆಟ್ಟಿಲಿಗೆ ಹತ್ತಿರ ನಿಂತು, ಗೊತ್ತಿಲ್ಲದ್ದನ್ನು ಪರೀಕ್ಷಿಸಬೇಕೆಂಬ ವಿವೇಕ ಮಾತ್ರ ಬರುತ್ತದೆ. ಅದು ಹಲವು ಸಲ ಸತ್ತ ಮೇಲೆ ತಾನಾಗಿ ಕೈಗೂಡುವ ವಿವೇಕ. ಒಂದೇ ಕಡೆ ಹೆದರಿ ಕೂರಲೂ ಆಗದು. ಹೊಟ್ಟೆ ಹಸಿಯುತ್ತದೆ, ಊಟ ಸಿಗಬೇಕಾದರೆ ಇನ್ನೂ ಕೆಳಗೆ ಇಳಿಯಬೇಕು.

ಇನ್ನು ಸಾವಿನ ವಿಷಯ. ರೋಗ್‌ನಲ್ಲಿ ಸತ್ತರೆ ಸತ್ತಂತೆಯೇ, ಮತ್ತೆ ಮೊದಲ ಅಂತಸ್ತಿನಿಂದ ಶುರು. ಇಂದು ‘ಪರ್ಮಾಡೆತ್’ ಎಂದು ಕರೆಯುವ ಈ ನಿಯಮಕ್ಕಾಗಿಯೇ ಆ ಆಟ ಹೆಸರಾಗಿದೆ. ಅದನ್ನು ಯಾರೋ ಕಠೋರ ಮನಸ್ಸಿನವರು ಮೇಜಿನ ಮುಂದೆ ಕೂತು ಯೋಚಿಸಿ ತಂದಿರಬೇಕೆಂದು ಊಹಿಸುವುದು ಸುಲಭ, ನಡೆದದ್ದು ಹಾಗಲ್ಲ. ಆಟ ದೊಡ್ಡದಾಗುತ್ತ ಹೋದಂತೆ ಒಂದೇ ಕೂತಿನಲ್ಲಿ ಮುಗಿಸುವುದು ಕಷ್ಟವಾಯಿತು. ಅಲ್ಲಿಗೆ ನಿಲ್ಲಿಸಿ ನಾಳೆ ಮುಂದುವರಿಸಲೆಂದು ಸೇವ್ ಮಾಡುವ ಸೌಲಭ್ಯ ಬಂತು. ಬಂದ ಕೂಡಲೇ ಆಟಗಾರರು ದಾರಿ ಕಂಡುಕೊಂಡರು. ಅಪಾಯಕ್ಕೆ ಮುಂಚೆ ಸೇವ್ ಮಾಡುವುದು, ಸತ್ತರೆ ಹಳೆಯ ಫೈಲ್ ತೆರೆಯುವುದು. ಗೊತ್ತಿಲ್ಲದ ಮದ್ದನ್ನು ಕುಡಿಯುವುದಕ್ಕೆ ಈಗ ಯಾವ ಭಯವೂ ಇಲ್ಲ. ಭಯ ಹೋದ ಜಾಗದಿಂದ ಯೋಚನೆಯೂ ಹೋಯಿತು. ಇದನ್ನು ಗಮನಿಸಿದ ಆಟದ ಕರ್ತೃಗಳು ಪ್ರೋಗ್ರಾಮಿನಲ್ಲಿ ಒಂದು ಪುಟ್ಟ ಬದಲಾವಣೆ ಮಾಡಿದರು: ಸೇವ್ ಮಾಡಿದ ಫೈಲನ್ನು ತೆರೆದ ಕೂಡಲೇ ಯಂತ್ರ ಅದನ್ನು ಅಳಿಸಿಹಾಕುತ್ತದೆ. ನಿಲ್ಲಿಸಿ ಮುಂದುವರಿಸಬಹುದು, ಹಿಂದಕ್ಕೆ ಹೋಗಲು ಮಾತ್ರ ಸಾಧ್ಯವಿಲ್ಲ.

ನನ್ನ ಮಟ್ಟಿಗೆ ಆವಿಷ್ಕಾರ ಇರುವುದು ಇಲ್ಲಿ. ಆಟಗಾರನನ್ನು ಹಿಂಸಿಸುವ ಉದ್ದೇಶ ಅವರಿಗಿರಲಿಲ್ಲ. ವರ್ಷಗಳ ನಂತರ ಇದರ ಬಗ್ಗೆ ಮಾತಾಡುವಾಗ ವಿಚ್‌ಮನ್ ಸಾವಿಗಿಂತ ಹೆಚ್ಚಾಗಿ ‘ಪರಿಣಾಮ ಉಳಿಯುವುದು’ ಎಂಬ ವಿಚಾರಕ್ಕೆ ಒತ್ತು ಕೊಟ್ಟರು. ಒಳ್ಳೆಯದೂ ಕೆಟ್ಟದ್ದೂ ಮಾಡಿದ್ದು ಮಾಡಿದಂತೆ ಇರುತ್ತದೆಯಾದ್ದರಿಂದ ಪ್ರತಿ ಹೆಜ್ಜೆಗೂ ತೂಕ ಬರುತ್ತದೆ. ನಮ್ಮ ಹಾವು-ಏಣಿ ಆಟದಲ್ಲೂ ತೊಂಬತ್ತೆಂಟರಿಂದ ಬಾಲದವರೆಗೆ ಜಾರುತ್ತೇವೆ, ಆದರೆ ಜಾರಿಸಿದ್ದು ದಾಳ. ಆ ಸೋಲಿನಿಂದ ಕಲಿಯುವಂಥದ್ದು ಏನೂ ಇಲ್ಲ. ರೋಗ್‌ನಲ್ಲಿ ಸತ್ತವನಿಗೆ ತಾನು ಎಲ್ಲಿ ಎಡವಿದೆನೆಂದು ಬಹುಪಾಲು ಗೊತ್ತಿರುತ್ತದೆ. ಕತ್ತಿ, ಕವಚ, ಹೊನ್ನು ಎಲ್ಲ ಹೋಗುತ್ತದೆ, ಆ ತಿಳಿವಳಿಕೆಯೊಂದು ಆಡುವವನ ಜೊತೆ ಮನೆಗೆ ಬರುತ್ತದೆ.

ಟಾಯ್ ಬರ್ಕ್ಲಿಗೆ ಬಂದ ಮೇಲೆ ಕೆನ್ ಆರ್ನಾಲ್ಡ್ ಕೂಡ ಆಟವನ್ನು ತಿದ್ದಿ ಬೆಳೆಸುವುದರಲ್ಲಿ ಸೇರಿಕೊಂಡರು. ಬರ್ಕ್ಲಿಯಿಂದ ಹೊರಬರುತ್ತಿದ್ದ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿಯ ಜೊತೆಗೆ ರೋಗ್ ದೇಶದೇಶಗಳ ವಿಶ್ವವಿದ್ಯಾಲಯಗಳಿಗೆ ಹೋಯಿತು. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ತಮ್ಮ ಬದಲಿಗೆ ಆಡುವ ‘ರಾಗೋಮ್ಯಾಟಿಕ್’ ಎಂಬ ಪ್ರೋಗ್ರಾಮನ್ನೇ ಬರೆದುಬಿಟ್ಟರು. ಅದು ಹಿಂದಿನ ಆಟಗಳಲ್ಲಿ ಯಾವ ಪ್ರಾಣಿ ಎಷ್ಟು ಅಪಾಯಕಾರಿಯೆಂದು ಕಂಡದ್ದನ್ನು ಬರೆದಿಟ್ಟುಕೊಂಡು ಮುಂದಿನ ಆಟಕ್ಕೆ ಬಳಸುತ್ತಿತ್ತು. ಯಂತ್ರಕ್ಕೂ ಸತ್ತ ಮೇಲೆ ಉಳಿಯುವ ನೆನಪೊಂದು ಬೇಕಾಯಿತು ನೋಡಿ! ರೋಗ್‌ನ ವಂಶದಲ್ಲಿ ಮುಂದೆ ‘ಹ್ಯಾಕ್’, 1987ರಲ್ಲಿ ‘ನೆಟ್‌ಹ್ಯಾಕ್’, 2008ರಲ್ಲಿ ಡೆರೆಕ್ ಯು ಅವರ ‘ಸ್ಪೆಲಂಕಿ’ ಬಂದವು. ಈ ಬಗೆಯ ಆಟಗಳಿಗೆ ‘ರೋಗ್‌ಲೈಕ್’ ಎಂಬ ಹೆಸರೇ ನಿಂತಿತು.

ಸತ್ತ ಮೇಲೂ ತಿಳಿವಳಿಕೆ ಉಳಿಯುತ್ತದೆಂಬ ಇದೇ ಗುಟ್ಟನ್ನು ಪೂರಾ ತದ್ವಿರುದ್ಧ ದಿಕ್ಕಿನಿಂದ ಮತ್ತೆ ಕಂಡುಹಿಡಿದದ್ದು ಮೂರು ದಶಕಗಳ ನಂತರ, ಅದೇ ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿ ಸ್ನಾತಕೋತ್ತರ ಪದವಿಯ ಯೋಜನೆಯಾಗಿ ಒಂದು ಆಟ ಆರಂಭಿಸಿದರು. ಅವರಿಗೆ ಬೇಕಾಗಿದ್ದುದು ಕುತೂಹಲವೊಂದರಿಂದಲೇ ನಡೆಯುವ ಅನ್ವೇಷಣೆ. ಸಾಮಾನ್ಯ ಆಟಗಳಲ್ಲಿ ಹೊಸ ಜಾಗಕ್ಕೆ ಹೋದರೆ ಕತ್ತಿಯೋ ಕೀಲಿಯೋ ಸಿಗುತ್ತದೆ, ಹೋಗುವುದು ಅದಕ್ಕಾಗಿಯೇ. ಜಾಗವನ್ನು ತಿಳಿಯುವುದೇ ಹೋಗುವ ಕಾರಣವಾದರೆ? ‘ಔಟರ್ ವೈಲ್ಡ್ಸ್’ ಎಂಬ ಆ ಆಟದಲ್ಲಿ ಒಂದು ಪುಟ್ಟ ಸೌರಮಂಡಲವಿದೆ. ಗ್ರಹಗಳು ತಾವಾಗಿ ಸುತ್ತುತ್ತವೆ, ಮಾರ್ಪಡುತ್ತವೆ: ಜೋಡಿ ಗ್ರಹಗಳ ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತದೆ, ಒಂದು ಗ್ರಹದ ನೆಲ ತುಂಡುತುಂಡಾಗಿ ಕಳಚಿ ತನ್ನದೇ ಒಡಲಿನ ಕಪ್ಪುಕುಳಿಗೆ ಬೀಳುತ್ತದೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಎಲ್ಲರೂ ಸಾಯುತ್ತಾರೆ, ಆಟಗಾರ ಮತ್ತೆ ಶುರುವಿನ ಶಿಬಿರದ ಬೆಂಕಿಯ ಪಕ್ಕ ಕಣ್ಣು ಬಿಡುತ್ತಾನೆ. ಹೀಗೆ ಕುಸಿದು ಹಾಳಾಗುತ್ತ ಹೋಗುವ ಲೋಕವನ್ನು ಮರಳಿ ಮೊದಲಿನಂತಾಗಿಸಲು ಈ ಕಾಲಚಕ್ರ ದಾರಿಯಾಯಿತು.

ಇದರ ಒಳಗಣಿತದಲ್ಲಿ ಒಂದು ಚಂದದ ಸಂಗತಿಯಿದೆ. ಕಂಪ್ಯೂಟರಿನ ಲೆಕ್ಕ ಮೂಲಬಿಂದುವಿನಿಂದ ದೂರ ಹೋದಷ್ಟೂ ಒರಟಾಗುತ್ತದೆ, ದೂರದ ವಸ್ತುಗಳು ನಡುಗತೊಡಗುತ್ತವೆ. ಅದಕ್ಕಾಗಿ ಆಟಗಾರನನ್ನೇ ಮೂಲಬಿಂದುವಿನಲ್ಲಿ ನಿಲ್ಲಿಸಿ, ಸೂರ್ಯನನ್ನೂ ಗ್ರಹಗಳನ್ನೂ ಅವನ ಸುತ್ತ ಚಲಿಸುವಂತೆ ಮಾಡಿದ್ದಾರೆ. ನೌಕೆ ಹತ್ತಿ ಹಾರುವವನು ನಿಜಕ್ಕೂ ನಿಂತಲ್ಲೇ ಇರುತ್ತಾನೆ, ಬ್ರಹ್ಮಾಂಡ ಹಿಂದಕ್ಕೆ ಸರಿಯುತ್ತದೆ.

ಈ ಆಟದಲ್ಲಿ ಆಯುಧವಿಲ್ಲ, ಅಂಕವಿಲ್ಲ, ಶಕ್ತಿ ಹೆಚ್ಚಿಸಿಕೊಳ್ಳುವ ಏರ್ಪಾಡಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟುವುದು ಆಟಗಾರ ತಿಳಿದುಕೊಂಡದ್ದು ಮತ್ತು ಅದನ್ನು ಟಿಪ್ಪಣಿ ಮಾಡಿಟ್ಟ ನೌಕೆಯ ದಿನಚರಿ, ಅಷ್ಟೇ. ರೋಗ್‌ನಲ್ಲಿ ಪ್ರತಿ ಸಾವಿನ ನಂತರ ಲೋಕ ಕಲಸಿಹೋಗುತ್ತದೆ. ಇಲ್ಲಿ ಲೋಕ ನಿಮಿಷ ತಪ್ಪದೆ ಹಾಗೇ ಇರುತ್ತದೆ, ಬದಲಾಗುವವನು ಆಡುವವನು.

ಸೋಲು ಇಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಹೇಳಲು ನನಗೆ ತುಂಬ ಪ್ರಿಯವಾದ ಒಂದು ಜಾಗ ಸಾಕು. ಕಪ್ಪುಕುಳಿಯಿರುವ ಆ ಟೊಳ್ಳು ಗ್ರಹದ ಒಳಮೈಯಲ್ಲಿ ಹಳೆಯ ನಾಗರಿಕತೆಯೊಂದರ ಊರು ತಲೆಕೆಳಗಾಗಿ ಜೋತುಬಿದ್ದಿದೆ. ಕಿರಿದಾದ ದಾರಿಗಳು, ಕೆಳಗೆ ಬಾಯ್ದೆರೆದ ಕಪ್ಪು. ಕಾಲು ಜಾರಿದ ಗಳಿಗೆಯಲ್ಲಿ ಈ ಸುತ್ತು ಮುಗಿಯಿತೆಂದೇ ನಾನು ಅಂದುಕೊಂಡಿದ್ದೆ. ಸಾಯಲಿಲ್ಲ. ಸೌರಮಂಡಲದ ಅಂಚಿನಲ್ಲಿ ಒಂದು ಬಿಳಿಕುಳಿಯ ಪಕ್ಕದಿಂದ ಹೊರಬಿದ್ದು ತೇಲುತ್ತಿದ್ದೆ. ನೌಕೆಯಿಲ್ಲ, ಕೈಗೆಟುಕುವಷ್ಟು ದೂರದಲ್ಲಿ ಮಾತ್ರ ಒಂದು ನಿಲ್ದಾಣ. ಒಳಗೆ ಹೋಗಿ ಗೋಡೆಯ ಬರಹ ಓದಿದಾಗ ಆ ಹಳೆಯ ಜನ ದೂರದ ಪ್ರಯಾಣವನ್ನು ಹೇಗೆ ಸಾಧಿಸಿದ್ದರೆಂಬುದರ ಎಳೆಯೊಂದು ಸಿಕ್ಕಿತು, ಗ್ರಹಕ್ಕೆ ಮರಳುವ ದಾರಿಯೂ ಅಲ್ಲೇ ಇತ್ತು. ಬೀಳದೆ ಜಾಗರೂಕನಾಗಿ ನಡೆದವನಿಗೆ ಆ ಬಾಗಿಲು ತಡವಾಗಿ ಸಿಗುತ್ತದೆ. ಬೀಳುವವನಿಗಾಗಿ ಯಾರೋ ಮುಂಚೆಯೇ ಯೋಚಿಸಿ ಅಲ್ಲೊಂದು ಮನೆ ಕಟ್ಟಿಟ್ಟಿದ್ದಾರೆ. ಒಂದು ಆಟ ಆಡುವವನ ಮೇಲೆ ಇಷ್ಟು ಅಕ್ಕರೆ ತೋರಿಸಬಲ್ಲದೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಪೂರ್ತಿಯಾಗುವ ಮೊದಲೇ, 2015ರಲ್ಲಿ, ಔಟರ್ ವೈಲ್ಡ್ಸ್‌ಗೆ ಸ್ವತಂತ್ರ ಆಟಗಳ ಉತ್ಸವವಾದ ಐಜಿಎಫ್‌ನ ಅತ್ಯುನ್ನತ ಪ್ರಶಸ್ತಿ ಬಂತು. ಪೂರ್ಣ ಆಟವಾಗಿಸಲು ಹೊರಟದ್ದು ಮೊಬಿಯಸ್ ಡಿಜಿಟಲ್ ಎಂಬ ಪುಟ್ಟ ಸಂಸ್ಥೆ. ಆ ಸಂಸ್ಥೆಯನ್ನು ಕಟ್ಟಿದವರು ‘ಹೀರೋಸ್’ ಟಿವಿ ಸರಣಿಯ ನಟ ಮಾಸಿ ಓಕಾ. ಗೋಡೆಬರಹಗಳ ಹಿಂದಿನ ಕತೆಯನ್ನು ಬರೆದದ್ದು ಅಲೆಕ್ಸ್ ಅವರ ಸಹೋದರಿ ಕೆಲ್ಸಿ ಬೀಚಮ್, ಸಂಗೀತ ಆಂಡ್ರ್ಯೂ ಪ್ರಾಲೊ ಅವರದು. 2019ರ ಮೇ ಕೊನೆಯಲ್ಲಿ ಆಟ ಹೊರಬಂತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಇದನ್ನು ವರ್ಷದ ಅತ್ಯುತ್ತಮ ಆಟವೆಂದು ಆರಿಸಿತು.

ಟಾಯ್ ಮತ್ತು ವಿಚ್‌ಮನ್ ಅವರನ್ನು ಕಾಡಿದ ಕೊರತೆ ಔಟರ್ ವೈಲ್ಡ್ಸ್‌ನಲ್ಲಿ ಇನ್ನೂ ತೀವ್ರವಾಗಿದೆ. ಬೀಗಗಳೆಲ್ಲ ತಿಳಿವಳಿಕೆಯಿಂದಲೇ ಮಾಡಿದವಾದ್ದರಿಂದ, ಗುಟ್ಟು ಗೊತ್ತಿದ್ದವನು ಒಂದೇ ಸುತ್ತಿನಲ್ಲಿ ಆಟದ ಕೊನೆ ಮುಟ್ಟಬಹುದು. ಮೊದಲ ಸಲದ ಬೆರಗು ಯಾರಿಗೂ ಎರಡನೇ ಸಲ ಸಿಗದು. ಆಡಿ ಮುಗಿಸಿದವರು ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ. ಹೊಸಬರು ಆಡುವುದನ್ನು ಪಕ್ಕದಲ್ಲಿ ಕೂತು ಅಥವಾ ವಿಡಿಯೊದಲ್ಲಿ ನೋಡುತ್ತಾರೆ. ಎಲ್ಲಿಗೆ ಹೋಗಬೇಕೆಂದು ಕೇಳಿದರೆ, ‘ನಿನಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ?’ ಎಂದು ತಿರುಗಿ ಕೇಳುತ್ತಾರೆ. ಆ ಸೌರಮಂಡಲದ ನಡುವಿನ ಗುಟ್ಟು ಏನೆಂಬುದನ್ನು ನಾನೂ ಇಲ್ಲಿ ಬರೆಯುವುದಿಲ್ಲ.