ನೀರು ತೆರುವ ಸುಂಕ: ಕಾತ್ರಜದ ಪೇಶ್ವೆ ಕಾಲುವೆಯೂ ನಮ್ಮ ಸೊಸೈಟಿಯ ಪೈಪೂ

ಪುಣೆಯ ದಕ್ಷಿಣಕ್ಕೆ, ಘಟ್ಟದ ಬುಡದಲ್ಲಿರುವ ಕಾತ್ರಜದ ಕೆರೆಯನ್ನು ನಮ್ಮ ಸಂಘದ ಸದಸ್ಯರಲ್ಲಿ ನೋಡದವರು ವಿರಳ. ರಾಜೀವ ಗಾಂಧಿ ಪ್ರಾಣಿ ಸಂಗ್ರಹಾಲಯಕ್ಕೆ ಮಕ್ಕಳು ಮೊಮ್ಮಕ್ಕಳನ್ನು ಕರೆದೊಯ್ದವರೆಲ್ಲರೂ ಅದರ ದಂಡೆಯಲ್ಲಿ ಒಂದು ಗಳಿಗೆ ನಿಂತವರೇ. ಸುಮಾರು 1750ರ ವೇಳೆಗೆ ನಾನಾಸಾಹೇಬ ಪೇಶ್ವೆಯವರು ಇಲ್ಲಿಂದ ಶನಿವಾರವಾಡೆಯವರೆಗೆ ಸುಮಾರು 8 ಕಿಲೋಮೀಟರ್ ಉದ್ದದ ಕಲ್ಲುಗಾರೆಯ ಸುರಂಗ ಕಾಲುವೆಯನ್ನು ಕಟ್ಟಿಸಿ ನಗರಕ್ಕೆ ನೀರು ತಂದರು. ಪಂಪು ಇರಲಿಲ್ಲ, ವಿದ್ಯುತ್ತಂತೂ ಇರಲೇ ಇಲ್ಲ. ನೀರು ತನ್ನಷ್ಟಕ್ಕೆ ತಾನೇ ಹರಿದು ಬಂದು ಕಾಳಾ ಹೌದ್, ಬದಾಮಿ ಹೌದ್, ಫಡಕೆ ಹೌದ್ ಮೊದಲಾದ ಸಾರ್ವಜನಿಕ ತೊಟ್ಟಿಗಳನ್ನು ತುಂಬುತ್ತಿತ್ತು.

ಇಷ್ಟು ಸಂಗತಿಯನ್ನು ಅನೇಕರು ಬರೆದಿದ್ದಾರೆ. ಈ ಲೇಖನದ ಉದ್ದೇಶ ಬೇರೆ. ಎಂಟು ಕಿಲೋಮೀಟರ್ ದೂರ ಪುಕ್ಕಟೆಯಾಗಿ ಹರಿದ ನೀರು, ಅದೇ ಕಾತ್ರಜದ ನಮ್ಮ ಸೊಸೈಟಿಯಲ್ಲಿ ನೂರೈವತ್ತು ಮೀಟರ್ ದಾಟುವುದಕ್ಕೆ ಏಕೆ ಅಷ್ಟೊಂದು ಒದ್ದಾಡಿತು ಎಂಬುದನ್ನು ಹೇಳಬೇಕಾಗಿದೆ. ನಾನು ಕಲಾ ವಿಭಾಗದ ಪದವೀಧರ, ವೃತ್ತಿಯಿಂದ ಬ್ಯಾಂಕ್ ನೌಕರ. ದ್ರವಶಾಸ್ತ್ರ ನನ್ನ ವಿಷಯವಲ್ಲ. ಆದರೆ ಸೊಸೈಟಿಯ ಖಜಾಂಚಿಯಾಗಿ ನಾನೇ ಸಹಿ ಹಾಕಿದ ಒಂದು ಚೆಕ್ಕು ಈ ಶಾಸ್ತ್ರವನ್ನು ನನಗೆ ಕಲಿಸಿತು.

ನಮ್ಮದು ಮೂರು ವಿಂಗ್‌ಗಳ ಹಳೆಯ ಕಟ್ಟಡ. ಗೇಟಿನ ಬಳಿ ನೆಲದಡಿಯ ಸಂಪು, ಪಕ್ಕದಲ್ಲಿ ಪಂಪಿನ ಕೋಣೆ. ಕೊನೆಯ ಸಿ ವಿಂಗಿನ ಚಾವಣಿಯ ಟ್ಯಾಂಕಿಗೆ ಹೋಗುವ ಎರಡಿಂಚಿನ ಜಿ.ಐ. ಪೈಪು ಸುಮಾರು 150 ಮೀಟರ್ ಉದ್ದ. ನೀರನ್ನು ಎತ್ತಬೇಕಾದ ಎತ್ತರ 18 ಮೀಟರ್. ಬೇಸಿಗೆಯಲ್ಲಿ ಆ ಟ್ಯಾಂಕು ತುಂಬುವುದರೊಳಗೆ ಸಂಪು ಬರಿದಾಗುತ್ತಿತ್ತು. ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ಧಾರವಾಡದ ಕಡೆಯ ಅಜ್ಜಿಯೊಬ್ಬರು ಕೆಳಗಿನ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದುದನ್ನು ನಾವೆಲ್ಲ ನೋಡುತ್ತಿದ್ದೆವು. ಸಭೆ ಸೇರಿತು. ಪಂಪು ಸಣ್ಣದು, ದೊಡ್ಡದನ್ನು ಕೊಳ್ಳೋಣ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. 5 ಎಚ್.ಪಿ. ಪಂಪನ್ನು ಬದಲಿಗೆ ಕೊಟ್ಟು 7.5 ಎಚ್.ಪಿ.ಯದನ್ನು ತಂದೆವು. ನೀರು ಕಾಲು ಭಾಗದಷ್ಟು ಹೆಚ್ಚಿತು, ವಿದ್ಯುತ್ ಬಿಲ್ಲು ಅದಕ್ಕಿಂತ ವೇಗವಾಗಿ ಏರಿತು. ಅಜ್ಜಿಯ ಬಿಂದಿಗೆ ಕೆಳಗಿಳಿಯುವುದು ತಪ್ಪಲಿಲ್ಲ.

ಬಿಲ್ಲನ್ನು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಬಿ ವಿಂಗಿನ ನಿವೃತ್ತ ಎಂಜಿನಿಯರೊಬ್ಬರು, “ರಾಯರೇ, ನೀವು ದಿನವೂ ಜಮಾ ಖರ್ಚು ಬರೆಯುವವರು. ನೀರಿನ ಖಾತೆಯನ್ನೂ ಒಮ್ಮೆ ಬರೆದು ನೋಡಿ” ಎಂದರು. ಅವರು ಹೇಳಿಕೊಟ್ಟಂತೆ ಬರೆದದ್ದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಹರಿಯುವ ನೀರಿನ ಶಕ್ತಿ ಮೂರು ಖಾತೆಗಳಲ್ಲಿರುತ್ತದೆ: ಎತ್ತರ, ಒತ್ತಡ, ವೇಗ. ಒಂದರಿಂದ ಇನ್ನೊಂದಕ್ಕೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಟ್ಯಾಂಕಿನ ಎತ್ತರ ನಲ್ಲಿಯಲ್ಲಿ ಒತ್ತಡವಾಗುತ್ತದೆ, ನಲ್ಲಿ ತಿರುಗಿಸಿದೊಡನೆ ಒತ್ತಡ ವೇಗವಾಗುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಮೂರರ ಮೊತ್ತ ಬದಲಾಗದು. ಸ್ವಿಟ್ಜರ್ಲೆಂಡಿನ ವಿದ್ವತ್ ಮನೆತನದ ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬೆಳೆದುಬಂದ ತತ್ತ್ವ ಇದು. ಮೂರನ್ನೂ ಮೀಟರಿನಲ್ಲೇ ಅಳೆಯುವ ರೂಢಿಯಿದೆ. ಎಂಜಿನಿಯರುಗಳು ಅದನ್ನು ‘ಹೆಡ್’ ಎನ್ನುತ್ತಾರೆ. ಹತ್ತು ಮೀಟರ್ ಹೆಡ್ ಎಂದರೆ ನೀರನ್ನು ಹತ್ತು ಮೀಟರ್ ಮೇಲಕ್ಕೆ ಎತ್ತಬಲ್ಲ ಶಕ್ತಿ.

ಆದರೆ ನಿಜವಾದ ಪೈಪಿನಲ್ಲಿ ನೀರು ದಾರಿಯುದ್ದಕ್ಕೂ ಸುಂಕ ತೆರುತ್ತಾ ಹೋಗುತ್ತದೆ. ಪೈಪಿನ ಗೋಡೆಗೆ ತಾಗಿದ ನೀರು ಅಲ್ಲೇ ಅಂಟಿ ನಿಲ್ಲುತ್ತದೆ, ನಡುವಿನ ನೀರು ಓಡುತ್ತದೆ. ಈ ನಿಂತದ್ದಕ್ಕೂ ಓಡುವುದಕ್ಕೂ ನಡುವೆ ಎಳೆದಾಟ, ಸುಳಿಗಳು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯೊಂದನ್ನು ಹರಿಸಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ನೀರು ಮೆಲ್ಲನೆ ಹರಿದಾಗ ಎಳೆ ನೇರವಾಗಿತ್ತು, ವೇಗ ಒಂದು ಮಿತಿ ಮೀರಿದೊಡನೆ ಚದುರಿ ಕೊಳವೆಯೆಲ್ಲ ಬಣ್ಣವಾಯಿತು. ಅಡುಗೆಮನೆಯ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ಬೀಳುವ ಗಾಜಿನ ಕಡ್ಡಿಯಂಥ ಧಾರೆಯೂ, ಪೂರ್ತಿ ತಿರುಗಿಸಿದಾಗಿನ ಕಲಕಿದ ಧಾರೆಯೂ ಹೆಚ್ಚುಕಡಿಮೆ ಇದೇ ಪಾಠವನ್ನು ಹೇಳುತ್ತವೆ. ಸೊಸೈಟಿಯ ಪೈಪುಗಳಲ್ಲಿ ಹರಿವು ಯಾವಾಗಲೂ ಎರಡನೆಯ ಬಗೆಯದು. ಸುಳಿಗಳಲ್ಲಿ ಕಳೆದ ಶಕ್ತಿ ಕೊನೆಗೆ ಶಾಖವಾಗುತ್ತದೆ, ಆದರೆ ನಮ್ಮ ಪೈಪಿನ ಲೆಕ್ಕದಲ್ಲಿ ಅದು ನೀರನ್ನು ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟೂ ಬಿಸಿ ಮಾಡಲಾರದು. ಸ್ನಾನಕ್ಕೂ ಒದಗದ, ಬಿಲ್ಲಿಗೆ ಮಾತ್ರ ಸೇರುವ ಶಾಖ!

ಈ ಸುಂಕದ ದರವನ್ನು ಕಟ್ಟಿಕೊಟ್ಟವರು ಇಬ್ಬರು. ಜರ್ಮನಿಯ ಯೂಲಿಯಸ್ ವೈಸ್‌ಬಾಕ್ 1845ರಲ್ಲಿ ಸೂತ್ರಕ್ಕೆ ಇಂದಿನ ರೂಪ ಕೊಟ್ಟರು. ಫ್ರಾನ್ಸಿನ ಆನ್ರಿ ಡಾರ್ಸಿ 1857ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಪೈಪಿನ ಒಳಮೈಯ ಒರಟುತನ ಎಷ್ಟು ಮುಖ್ಯವೆಂಬುದನ್ನು ತೋರಿಸಿದರು. ಡಾರ್ಸಿ ಮೊದಲಿಗೆ ತಮ್ಮ ಊರಾದ ದಿಜೋನಿಗೆ 1840ರಲ್ಲಿ ನೀರು ತಂದ ಎಂಜಿನಿಯರು. ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಚಿಲುಮೆಯಿಂದ, ಮುಚ್ಚಿದ ಕಾಲುವೆಯಲ್ಲಿ, ಪಂಪಿಲ್ಲದೆ. ನಮ್ಮ ಕಾತ್ರಜದ ಕಾಲುವೆ ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಹಿರಿಯದು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ: ಪೈಪಿನ ಉದ್ದವನ್ನು ಒಳವ್ಯಾಸದಿಂದ ಭಾಗಿಸಿ, ಒರಟುತನದ ಗುಣಕದಿಂದ ಗುಣಿಸಿ, ಅದನ್ನು ಮತ್ತೆ ವೇಗದ ಹೆಡ್‌ನಿಂದ ಗುಣಿಸಬೇಕು. ವೇಗದ ಹೆಡ್ ಎಂದರೆ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆ. ನಮ್ಮ ಪೈಪಿನ ಉದ್ದ 150 ಮೀಟರ್, ಒಳವ್ಯಾಸ 0.05 ಮೀಟರ್, ಭಾಗಿಸಿದರೆ 3000. ಹಳೆಯ ಜಿ.ಐ. ಪೈಪಿಗೆ ಗುಣಕ 0.03 ಎಂದಿಟ್ಟುಕೊಂಡರೆ 90. ಹಳೆಯ ಪಂಪು ಸೆಕೆಂಡಿಗೆ 4 ಲೀಟರ್ ತಳ್ಳುತ್ತಿತ್ತು. ಆಗ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, ವೇಗದ ಹೆಡ್ 0.21 ಮೀಟರ್. ತೊಂಬತ್ತನ್ನು ಅದರಿಂದ ಗುಣಿಸಿದರೆ ಸುಂಕ 19 ಮೀಟರ್!

ಈ ಸಂಖ್ಯೆಯನ್ನು ಬರೆದು ನಾನು ಪೆನ್ನು ಕೆಳಗಿಟ್ಟೆ. ನೀರನ್ನು ಎತ್ತಲು ಬೇಕಾದದ್ದು 18 ಮೀಟರ್, ದಾರಿಯ ಸುಂಕವೇ 19 ಮೀಟರ್. ಒಟ್ಟು 37. ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ಪೈಪಿನ ಗೋಡೆಗೆ ಸಂದಾಯವಾಗುತ್ತಿತ್ತು.

ದೊಡ್ಡ ಪಂಪು ಏನು ಮಾಡಿತು ಎಂಬುದೂ ಈಗ ಸ್ಪಷ್ಟವಾಗುತ್ತದೆ. ಅದು ಹರಿವನ್ನು 4ರಿಂದ 5 ಲೀಟರಿಗೆ ಏರಿಸಿತು. ವೇಗ ಕಾಲು ಭಾಗ ಹೆಚ್ಚಿದರೆ ಅದರ ವರ್ಗ ಒಂದೂವರೆ ಪಟ್ಟಿಗಿಂತ ಹೆಚ್ಚು. ಸುಂಕ 30 ಮೀಟರಿಗೆ ಏರಿತು, ಒಟ್ಟು ಹೆಡ್ 48. ಪ್ರತಿ ಲೀಟರಿಗೆ ನಾವು ಮೊದಲಿಗಿಂತ ನೂರಕ್ಕೆ ಮೂವತ್ತರಷ್ಟು ಹೆಚ್ಚು ಶಕ್ತಿ ತೆರುವಂತಾಯಿತು. ಹರಿವನ್ನು ಎರಡರಷ್ಟು ಮಾಡಿಯೇ ತೀರುತ್ತೇವೆಂದು ಇನ್ನೂ ದೊಡ್ಡ ಪಂಪು ತಂದಿದ್ದರೆ ಸುಂಕ ನಾಲ್ಕು ಪಟ್ಟಾಗಿ 76 ಮೀಟರ್ ಮುಟ್ಟುತ್ತಿತ್ತು. ಅಷ್ಟು ಒತ್ತಡವನ್ನು ಆ ಹಳೆಯ ಪೈಪು ತಾಳುತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಇನ್ನು ವ್ಯಾಸದ ಮಾತು. ಇದೇ ಈ ಶಾಸ್ತ್ರದಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ. ಅಷ್ಟೇ ನೀರನ್ನು ಅಗಲವಾದ ಪೈಪಿನಲ್ಲಿ ಹರಿಸಿದರೆ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ವೇಗದ ವರ್ಗ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ. ಸೂತ್ರದಲ್ಲಿ ವ್ಯಾಸ ಇನ್ನೊಮ್ಮೆ ಛೇದದಲ್ಲಿದೆ. ಒಟ್ಟು ಐದನೆಯ ಘಾತ. ಎರಡಿಂಚಿನ ಬದಲು ಮೂರಿಂಚಿನ ಪೈಪು ಹಾಕಿದರೆ ಒಂದೂವರೆಯ ಐದನೆಯ ಘಾತ, ಅಂದರೆ ಸುಮಾರು 7.6. ಹತ್ತೊಂಬತ್ತು ಮೀಟರ್ ಸುಂಕ ಎರಡೂವರೆ ಮೀಟರಿಗೆ ಇಳಿಯುತ್ತದೆ. ಹೊಸ ಪೈಪು ನುಣುಪಾದ ಪ್ಲಾಸ್ಟಿಕ್ಕಿನದಾದರೆ ಇನ್ನೂ ಕಡಿಮೆ. ಇದರ ಮತ್ತೊಂದು ಮುಖವೂ ಇದೆ: ಹಳೆಯ ಜಿ.ಐ. ಪೈಪಿನಲ್ಲಿ ತುಕ್ಕು, ಸುಣ್ಣದ ಪದರ ಕಟ್ಟಿ ಒಳವ್ಯಾಸ 50ರಿಂದ 40 ಮಿಲಿಮೀಟರಿಗೆ ಇಳಿದಿದ್ದರೆ, ಅಷ್ಟೇ ನೀರಿಗೆ ಸುಂಕ ಮೂರು ಪಟ್ಟು.

ಎಲ್ಬೋ, ವಾಲ್ವ್‌ಗಳದು ಚಿಲ್ಲರೆ ಸುಂಕ. ನಮ್ಮ ವೇಗದಲ್ಲಿ ಒಂದು ಎಲ್ಬೋಗೆ ಸುಮಾರು 20 ಸೆಂಟಿಮೀಟರ್. ಹನ್ನೆರಡು ಎಲ್ಬೋಗಳಾದರೆ ಎರಡು ಮೀಟರಿಗೂ ಮಿಕ್ಕಿ. ಪೂರ್ತಿ ತೆರೆದ ಗೇಟ್ ವಾಲ್ವ್ ಏನೂ ಕೇಳುವುದಿಲ್ಲ, ಅದರ ಜಾಗದಲ್ಲಿ ಗ್ಲೋಬ್ ವಾಲ್ವ್ ಹಾಕಿದ್ದರೆ ಅದೊಂದೇ ಎರಡು ಮೀಟರ್ ನುಂಗುತ್ತದೆ. ಪ್ಲಂಬರ್ ಬಂದಾಗ ಇದನ್ನು ಕೇಳಿ ನೋಡಬಹುದು.

ಈಗ ಪೇಶ್ವೆಯವರ ಕಾಲುವೆಗೆ ಮರಳೋಣ. ಅದು ಒತ್ತಡದ ಪೈಪಲ್ಲ, ಮೇಲೆ ಕಮಾನು ಮುಚ್ಚಿದ ಹೊಳೆ. ಆಳು ಒಳಹೊಕ್ಕು ಹೂಳು ತೆಗೆಯಬಹುದಾದಷ್ಟು ಅಗಲ. ಅಲ್ಲಿಯೂ ಸುಂಕವಿತ್ತು, ಕಾತ್ರಜದಿಂದ ಪೇಟೆಯವರೆಗಿನ ಇಳಿಜಾರೇ ಅದನ್ನು ತೆರುತ್ತಿತ್ತು. ಕಾಲುವೆ ಅಗಲವಾಗಿದ್ದುದರಿಂದ ನೀರು ನಿಧಾನವಾಗಿ ಹರಿದರೂ ಸಾಕಾಗುತ್ತಿತ್ತು. ನಿಧಾನವಾಗಿದ್ದುದರಿಂದ ಸುಂಕ ಅಲ್ಪ. ದಾರಿಯಲ್ಲಿ ಅಲ್ಲಲ್ಲಿ ‘ಉಚ್ಛ್ವಾಸ’ ಎಂಬ ಬಾವಿಯಂಥ ತೆರಪುಗಳನ್ನು ಬಿಟ್ಟಿದ್ದರು. ಗಾಳಿ ಹೊರಹೋಗಲು, ಹೂಳು ನಿಲ್ಲಲು, ಶುಚಿ ಮಾಡಲು, ನೀರು ಸೇದಲು ಎಲ್ಲಕ್ಕೂ ಅವೇ. ಕಾತ್ರಜದಲ್ಲಿ ಎರಡು ಕೆರೆಗಳಿರುವುದರ ಪ್ರಯೋಜನವೂ ಇದೇ: ಮೇಲಿನದರಲ್ಲಿ ಹೂಳು ತಂಗಿದರೆ ಕೆಳಗಿನದಕ್ಕೆ ತಿಳಿನೀರು. ಹೂಳು ಸೇರಿದರೆ ಕಾಲುವೆಯೂ ನಮ್ಮ ಜಿ.ಐ. ಪೈಪಿನಂತೆ ಕಿರಿದಾಗುತ್ತದೆಯಲ್ಲವೇ?

ಪುಣೆಯ ಕನ್ನಡಿಗರಲ್ಲಿ ಬಹಳಷ್ಟು ಮಂದಿ ವಿಜಯಪುರದ ಕಡೆಯವರು. ಅವರ ಊರಿನಲ್ಲಿ ಇದೇ ಪ್ರಶ್ನೆಗೆ ಬೇರೊಂದು ಉತ್ತರವಿದೆ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಗಾರೆಯಲ್ಲಿ ಹುದುಗಿಸಿದ ಸುಟ್ಟಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಹೋಗುತ್ತಿತ್ತು. ಮುಚ್ಚಿದ ಕೊಳವೆಯಾದ್ದರಿಂದ ಇಲ್ಲಿ ಒತ್ತಡದ ಸಮಸ್ಯೆ ಬಂತು. ದಾರಿಯಲ್ಲಿ ನಿಲ್ಲಿಸಿದ ನೀರಿನ ಗೋಪುರಗಳು, ಅಂದರೆ ‘ಗಂಜ್’ಗಳು, ಆ ಒತ್ತಡವನ್ನು ತಗ್ಗಿಸುತ್ತಿದ್ದವು. ನೀರು ಗೋಪುರದ ಮೇಲಕ್ಕೇರಿ, ಬಯಲಿಗೆ ಬಂದು, ಹೂಳನ್ನು ಕೆಳಗೆ ಬಿಟ್ಟು ಮುಂದೆ ಹೋಗುತ್ತಿತ್ತು. ಕೊಳವೆ ಒಡೆಯದಿರಲೆಂದು ಶಕ್ತಿಯ ಒಂದು ಪಾಲನ್ನು ಬೇಕೆಂದೇ ಕಳೆಯುವ ಉಪಾಯ. ಊರಿಗೆ ಹೋದಾಗ ಗೋಲಗುಮ್ಮಟದ ಜೊತೆಗೆ ಈ ಗಂಜ್‌ಗಳನ್ನೂ ಮಕ್ಕಳಿಗೆ ತೋರಿಸಬೇಕು.

ಇಳಿಜಾರು ಅನುಕೂಲವಾಗಿಲ್ಲದ ಊರಿನ ಕಥೆ ಬೆಂಗಳೂರಿನದು. 1974ರಿಂದ ಅಲ್ಲಿಗೆ ಕಾವೇರಿ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ, ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ. ಒಂದು ಸಾವಿರ ಲೀಟರನ್ನು ಅಷ್ಟು ಎತ್ತಲು ಬರೀ ಲೆಕ್ಕದಲ್ಲೇ 1.36 ಯೂನಿಟ್ ವಿದ್ಯುತ್ ಬೇಕು. ಪೈಪಿನ ಸುಂಕ, ಪಂಪಿನ ನಷ್ಟ ಅದರ ಮೇಲೆ. ಆ ಕೊಳವೆಗಳು ಮನುಷ್ಯ ನಡೆದುಹೋಗುವಷ್ಟು ದೊಡ್ಡವಾಗಿರುವುದು ಬೆಡಗಿಗಲ್ಲ, ಐದನೆಯ ಘಾತಕ್ಕೆ ಹೆದರಿ.

ಕಾತ್ರಜದ ವಿಷಯದಲ್ಲೂ ಕಾಲ ತಿರುಗಿದೆ. 1879ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟು ಮುಗಿದ ಮೇಲೆ ನಗರದ ಕಣ್ಣು ಆ ಕಡೆಗೆ ಹೊರಳಿತು. ಒಂದು ಕಾಲಕ್ಕೆ ಪೇಟೆಗೆ ನೀರು ಇಳಿಸಿ ಕಳಿಸುತ್ತಿದ್ದ ಕಾತ್ರಜಕ್ಕೆ ಇಂದು ಆ ಕಡೆಯ ನೀರನ್ನು ಪಂಪಿನಿಂದ ಏರಿಸಿ ತರಬೇಕಾಗಿದೆ. ನಮ್ಮ ಸಂಪಿಗೆ ಬಂದು ಬೀಳುವ ಹೊತ್ತಿಗೆ ಪ್ರತಿ ಲೀಟರಿನ ಮೇಲೂ ಯಾರೋ ಒಮ್ಮೆ ವಿದ್ಯುತ್ ಖರ್ಚು ಮಾಡಿರುತ್ತಾರೆ.

ಸೊಸೈಟಿಯ ಮುಂದಿನ ಸಭೆಯಲ್ಲಿ ಖಾತೆಯ ಹಾಳೆಯನ್ನು ಎಲ್ಲರ ಮುಂದಿಟ್ಟು, ಹಿಂದಿನ ಚೆಕ್ಕು ತಪ್ಪಾಯಿತೆಂದು ಒಪ್ಪಿಕೊಂಡೆ. ಒಂದಿಬ್ಬರು ಬಿರುಸಾಗಿ ಮಾತಾಡಿದರು, ಅವರದು ತಪ್ಪೆನ್ನಲಾರೆ. ಮೂರಿಂಚಿನ ಪ್ಲಾಸ್ಟಿಕ್ ಪೈಪು ಹಾಕಿಸಿದೆವು, ಎಲ್ಬೋಗಳನ್ನು ಅರ್ಧಕ್ಕೆ ಇಳಿಸಿದೆವು. ಒಟ್ಟು ಹೆಡ್ ಇಪ್ಪತ್ತರ ಆಸುಪಾಸಿಗೆ ಬಂದದ್ದರಿಂದ ದೊಡ್ಡ ಪಂಪನ್ನು ಹಾಗೆಯೇ ಓಡಿಸುವುದು ಸರಿಯಲ್ಲ, ಹರಿವು ಮಿತಿ ಮೀರಿ ಮೋಟರಿನ ಮೇಲೆ ಭಾರ ಬೀಳುತ್ತದೆ ಎಂದು ಎಂಜಿನಿಯರರು ಎಚ್ಚರಿಸಿದ್ದರು. ಆದ್ದರಿಂದ 3 ಎಚ್.ಪಿ. ಪಂಪು ಬಂತು. ಈಗ ಸಿ ವಿಂಗಿನ ಟ್ಯಾಂಕು ಬೆಳಗಿನ ಏಳರೊಳಗೆ ತುಂಬುತ್ತದೆ. ಅಜ್ಜಿಯವರ ಬಿಂದಿಗೆಯಲ್ಲಿ ತುಳಸಿ ಗಿಡ ಬಂದಿದೆ.

7.5 ಎಚ್.ಪಿ.ಯ ಪಂಪು ಗೋಣಿಚೀಲ ಹೊದ್ದು ಪಂಪಿನ ಕೋಣೆಯಲ್ಲೇ ಕುಳಿತಿದೆ. ಸದಸ್ಯ ಬಂಧುಗಳಲ್ಲಿ ಯಾರಿಗಾದರೂ ತೋಟಕ್ಕೆ ಬೇಕಿದ್ದರೆ, ಮೊದಲು ಪೈಪಿನ ವ್ಯಾಸವನ್ನು ಅಳೆದುಕೊಂಡು ಬರಬೇಕಾಗಿ ವಿನಂತಿ.