ಹೃದಯದ ಕವಾಟ, ನ್ಯಾಯದ ಕಟ್ಟೆ

2013ರ ಬೇಸಿಗೆಯಲ್ಲಿ ನಾನು ಜರ್ಮನಿಯ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿದ್ದೆ. ಎದೆ ಸೀಳದೆ, ತೊಡೆಸಂದಿನ ರಕ್ತನಾಳದ ಮೂಲಕ ಕೃತಕ ಕವಾಟ ಕೂರಿಸುವುದು ಆಗಲೇ ನಮಗೆ ನಿತ್ಯದ ಕೆಲಸ. ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದ ಎಂಬತ್ತು ದಾಟಿದವರಿಗೆ ಅದೇ ದಾರಿ. ಮುಖ್ಯವಾಗಿ ಎರಡು ಕವಾಟಗಳಿದ್ದವು: ಬಲೂನಿನಿಂದ ಅರಳಿಸುವ ಎಡ್ವರ್ಡ್ಸ್ ಕಂಪನಿಯದು, ತಾನಾಗಿ ಅರಳುವ ಮೆಡ್‌ಟ್ರಾನಿಕ್‌ನ ಕೋರ್‌ವಾಲ್ವ್. ಒಬ್ಬರಿಗೆ ಒಂದು ಒಗ್ಗಿದರೆ ಇನ್ನೊಬ್ಬರಿಗೆ ಇನ್ನೊಂದು.

ಆ ಜುಲೈನಲ್ಲಿ ಮ್ಯಾನ್‌ಹೈಮ್ ನ್ಯಾಯಾಲಯ, ಕೋರ್‌ವಾಲ್ವ್ ಎಡ್ವರ್ಡ್ಸ್‌ನ ಪೇಟೆಂಟನ್ನು ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. ಜರ್ಮನಿಯಲ್ಲಿ ಅದರ ಮಾರಾಟ ನಿಂತಿತು. ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಕವಾಟ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದೇನು?

ಉತ್ತರ ಇಲ್ಲಿನ ನ್ಯಾಯಾಲಯಗಳ ರಚನೆಯಲ್ಲಿದೆ. ಜರ್ಮನಿಯಲ್ಲಿ ಉಲ್ಲಂಘನೆಯ ಪ್ರಶ್ನೆಯನ್ನು ಮ್ಯಾನ್‌ಹೈಮ್, ಡ್ಯೂಸೆಲ್‌ಡಾರ್ಫ್, ಮ್ಯೂನಿಕ್‌ನಂಥ ಊರುಗಳ ನ್ಯಾಯಾಲಯಗಳು ವಿಚಾರಿಸುತ್ತವೆ. ಪೇಟೆಂಟ್ ಕೊಟ್ಟದ್ದೇ ಸರಿಯೇ ಎಂಬ ಪ್ರಶ್ನೆಯನ್ನು ಅವು ತೀರ್ಮಾನಿಸುವಂತಿಲ್ಲ. ಅದಕ್ಕೆ ಮ್ಯೂನಿಕ್‌ನಲ್ಲಿ 1961ರಿಂದ ಫೆಡರಲ್ ಪೇಟೆಂಟ್ ನ್ಯಾಯಾಲಯವಿದೆ. ಅಲ್ಲಿ ಎಂಜಿನಿಯರುಗಳೂ ವಿಜ್ಞಾನಿಗಳೂ ನ್ಯಾಯಾಧೀಶರಾಗಿ ಕೂರುತ್ತಾರೆ. ಯುರೋಪಿಯನ್ ಪೇಟೆಂಟಿಗೆ ಆಕ್ಷೇಪಣೆ ಇನ್ನೂ ಬಾಕಿಯಿದ್ದರೆ ಅದೇ ಊರಿನ ಯುರೋಪಿಯನ್ ಪೇಟೆಂಟ್ ಕಚೇರಿ ಅದನ್ನು ನೋಡುತ್ತದೆ. ಮೊದಲ ಕಟ್ಟೆ ಚುರುಕು, ಎರಡನೆಯದು ನಿಧಾನ. ಗಡ್ಡೆ ಕತ್ತರಿಸಿ ತೆಗೆದ ಮೇಲೆ ಬಯಾಪ್ಸಿ ವರದಿ ಕೈಗೆ ಬಂದ ಹಾಗೆ. ಆ ವರ್ಷ ಪೇಟೆಂಟ್ ಕಚೇರಿಯ ಪ್ರಾಥಮಿಕ ಅಭಿಪ್ರಾಯ ಪೇಟೆಂಟಿಗೆ ವಿರುದ್ಧವಾಗಿ ಬಂದ ಮೇಲೆಯೇ ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯ ನಿಷೇಧವನ್ನು ತಡೆಹಿಡಿದದ್ದು. (ಪೇಟೆಂಟ್ ಉಳ್ಳವರಿಗೆ ಜರ್ಮನಿ ಯಾಕೆ ಅಷ್ಟು ಇಷ್ಟ ಎಂಬುದು ನನಗೆ ಅರ್ಥವಾದದ್ದು ಆಗ.)

ಇದೇ ಕವಾಟದ ಮೇಲೆ ಎಡ್ವರ್ಡ್ಸ್ ಇನ್ನೊಂದು ಪೇಟೆಂಟನ್ನೂ ಹೂಡಿತ್ತು, ಡೆನ್ಮಾರ್ಕಿನ ವೈದ್ಯ ಆಂಡರ್ಸನ್ ಅವರ ಶೋಧದ್ದು. ಲಂಡನ್‌ನಲ್ಲಿ ಎರಡೂ ಪ್ರಶ್ನೆಗಳನ್ನು ಒಬ್ಬರೇ ನ್ಯಾಯಾಧೀಶರು ಒಟ್ಟಿಗೆ ಕೇಳುತ್ತಾರೆ. ಎದುರಾಳಿಯನ್ನು ಹಿಡಿಯಲು ಪೇಟೆಂಟಿನ ಅರ್ಥವನ್ನು ಹಿಗ್ಗಿಸಿದರೆ, ಅದು ಹಳೆಯ ಶೋಧಗಳನ್ನೂ ಒಳಗೊಂಡು ತಾನೇ ಬೀಳುತ್ತದೆ. ಕುಗ್ಗಿಸಿದರೆ ಎದುರಾಳಿ ತಪ್ಪಿಸಿಕೊಳ್ಳುತ್ತಾನೆ. ಎರಡು ಕಡೆ ಎರಡು ಮಾತಾಡಲು ಅಲ್ಲಿ ಆಸ್ಪದ ಕಡಿಮೆ. 2009ರಲ್ಲಿ ಆ ನ್ಯಾಯಾಲಯ ಪೇಟೆಂಟ್ ಸಿಂಧು, ಆದರೆ ಉಲ್ಲಂಘನೆ ಇಲ್ಲ ಎಂದಿತು. ಪೇಟೆಂಟಿನಲ್ಲಿದ್ದ 'ಸಿಲಿಂಡರ್' ಎಂಬ ಪದಕ್ಕೆ ನಡು ಸಣ್ಣಗಿರುವ ಕೋರ್‌ವಾಲ್ವ್ ಹೊಂದಲಿಲ್ಲ. ಡ್ಯೂಸೆಲ್‌ಡಾರ್ಫ್ ಕೂಡ ಉಲ್ಲಂಘನೆ ಇಲ್ಲವೆಂದಿತ್ತು. ಆದರೆ ಅಮೆರಿಕದ ಡೆಲವೇರ್‌ನಲ್ಲಿ ಸಾಮಾನ್ಯ ನಾಗರಿಕರ ಜ್ಯೂರಿ 2010ರಲ್ಲಿ ಉಲ್ಲಂಘನೆ ಆಗಿದೆಯೆಂದು 7 ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕೊಡಿಸಿತು. 2014ರಲ್ಲಿ ಎರಡೂ ಕಂಪನಿಗಳು ರಾಜಿಯಾದವು. ಮೆಡ್‌ಟ್ರಾನಿಕ್ 75 ಕೋಟಿ ಡಾಲರ್ ತೆತ್ತಿತು, ಮೇಲೆ ರಾಯಲ್ಟಿ.

2021ರಲ್ಲಿ ಜರ್ಮನಿ ಕಾನೂನು ತಿದ್ದಿತು. ನಿಷೇಧದಿಂದ ಮೂರನೆಯವರಿಗೆ ಅತಿಯಾದ ತೊಂದರೆಯಾದರೆ ಅದನ್ನೂ ನ್ಯಾಯಾಲಯ ಪರಿಗಣಿಸಬಹುದು. ಆ ಮೂರನೆಯವರಲ್ಲಿ ನಮ್ಮ ರೋಗಿಗಳೂ ಸೇರುತ್ತಾರೆ. 2023ರ ಜೂನ್ 1ರಿಂದ ಯುರೋಪಿನ ಹಲವು ದೇಶಗಳಿಗೆ ಸೇರಿ ಏಕೀಕೃತ ಪೇಟೆಂಟ್ ನ್ಯಾಯಾಲಯವೂ ಬಂದಿದೆ. ಅಲ್ಲಿ ಎರಡು ಪ್ರಶ್ನೆಗಳನ್ನೂ ಒಂದೇ ಪೀಠ ಕೇಳಬಹುದು, ಬೇಕಾದರೆ ಬೇರ್ಪಡಿಸಲೂಬಹುದು. ಎಡ್ವರ್ಡ್ಸ್ ಅಲ್ಲಿ ಎದುರಿಸಿದ್ದು ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಕವಾಟವನ್ನು. ಆಗಲೂ ಪ್ರಶ್ನೆಗಳು ಬೇರ್ಪಟ್ಟವು: ಸಿಂಧುತ್ವ ಪ್ಯಾರಿಸ್‌ಗೆ, ಉಲ್ಲಂಘನೆ ಮ್ಯೂನಿಕ್‌ಗೆ. ಆದರೆ ಈ ಸಲ ಪ್ಯಾರಿಸ್ ಮೊದಲು ಹೇಳಿತು: 2024ರ ಜುಲೈನಲ್ಲಿ ತಿದ್ದುಪಡಿಯೊಂದಿಗೆ ಪೇಟೆಂಟ್ ಉಳಿಯಿತು. ನವೆಂಬರ್‌ನಲ್ಲಿ ಮ್ಯೂನಿಕ್ ಮೆರಿಲ್ ವಿರುದ್ಧ ನಿಷೇಧ ವಿಧಿಸಿತು. ಅತಿ ದೊಡ್ಡ ಅಳತೆಯ ಕವಾಟಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಅಂಥ ದೊಡ್ಡ ಹೃದಯದವರಿಗೆ ಹೊಂದುವ ಕವಾಟ ಎಡ್ವರ್ಡ್ಸ್ ಬಳಿ ಇರಲಿಲ್ಲ.