ಸರ್ಪಸುತ್ತು ಮತ್ತು ಗುಳ್ಳೆಯ ಆಳ

ಹೊನ್ನವಳ್ಳಿಯ ತೆಂಗಿನ ಸೀಮೆಯೂ ಸೇರಿದಂತೆ ಕರ್ನಾಟಕದ ಹಳ್ಳಿಗಳಲ್ಲಿ ಮೈಮೇಲೆ ನೀರುಗುಳ್ಳೆಗಳು ಸಾಲಾಗಿ ಎದ್ದರೆ ಮೊದಲು ಬರುವ ಹೆಸರು ಸರ್ಪಸುತ್ತು. ಗುಳ್ಳೆಯ ಸಾಲು ಸೊಂಟವನ್ನು ಬಳಸಿ ಹೆಡೆ ಬಾಲಗಳು ಕೂಡಿದರೆ ಪ್ರಾಣಕ್ಕೆ ಅಪಾಯವೆಂಬುದು ಜನಪದರ ನಂಬಿಕೆ. ಕೂಡದಂತೆ ತಡೆಯಲು ಕೆಮ್ಮಣ್ಣನ್ನು ಬರೆಯುತ್ತಾರೆ.

ಈ ಚಿಕಿತ್ಸೆಗೆ ದೊರೆತಿರುವ ಮನ್ನಣೆಗೆ ಕಾರಣವುಂಟು. ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು ಮುಂದೆಂದೋ ಎಚ್ಚರಗೊಂಡಾಗ ಸರ್ಪಸುತ್ತು ಉಂಟಾಗುತ್ತದೆ. ಅದು ಸಾಮಾನ್ಯವಾಗಿ ದೇಹದ ಒಂದೇ ಪಾರ್ಶ್ವದಲ್ಲಿ, ಒಂದು ನರದ ಹರಹಿನಲ್ಲಿ ನಿಂತು, 2ರಿಂದ 4 ವಾರಗಳಲ್ಲಿ ತಾನಾಗಿ ಒಣಗುತ್ತದೆ. ಹೆಡೆಯು ಬಾಲವನ್ನು ಮುಟ್ಟುವುದೇ ಅಪರೂಪ. ಕೀರ್ತಿ ಮಾತ್ರ ಕೆಮ್ಮಣ್ಣಿಗೆ.

ತೊಡಕು ಹುಟ್ಟುವುದು ಗುಳ್ಳೆಯ ಬೇರೆ ವ್ಯಾಧಿಗಳಿಗೂ ಇದೇ ಹೆಸರು ಅಂಟಿದಾಗ. ಪೆಂಫಿಗಸ್ ರೋಗದಲ್ಲಿ ದೇಹದ ಪ್ರತಿಕಾಯಗಳೇ ಮೇಲ್ಚರ್ಮದ ಜೀವಕೋಶಗಳನ್ನು ಹಿಡಿದಿರುವ ಅಂಟನ್ನು ಕೆಡಿಸುತ್ತವೆ. ಎಷ್ಟೋ ವೇಳೆ ಬಾಯೊಳಗಿನ ಹುಣ್ಣುಗಳು ತಿಂಗಳುಗಟ್ಟಲೆ ಮೊದಲೇ ಕಾಣಿಸಿಕೊಳ್ಳುತ್ತವೆ. ವೃದ್ಧರಲ್ಲಿ ಹೆಚ್ಚಾಗಿ ಬರುವ ಪೆಂಫಿಗಾಯ್ಡ್‌ನಲ್ಲಿ ಮೇಲ್ಚರ್ಮವೇ ಬುಡದಿಂದ ಮೇಲೇಳುತ್ತದೆ. 1950ರ ದಶಕದಲ್ಲಿ ಸ್ಟೀರಾಯ್ಡ್ ಔಷಧಗಳು ಬರುವ ಮುನ್ನ ಪೆಂಫಿಗಸ್ ಬಹುಪಾಲು ಮಾರಕವಾಗಿತ್ತು. ಇಲ್ಲಿ ಕೆಮ್ಮಣ್ಣು ಒಣಗುವುದನ್ನು ಕಾಯುತ್ತ ಕಳೆದ ವಾರಗಳೇ ರೋಗಿಗೆ ಆಗುವ ನಷ್ಟ.

ಜನಪದರ ವರ್ಗೀಕರಣ ಗುಳ್ಳೆಯ ಆಕಾರವನ್ನು ಅವಲಂಬಿಸಿದೆ. ವೈದ್ಯರು ಕೇಳುವುದು ಬಿರುಕು ಎಷ್ಟು ಆಳದಲ್ಲಿದೆ ಎಂಬುದನ್ನು. ಇದನ್ನರಿಯಲು ಚರ್ಮದ ತುಣುಕನ್ನು ಕತ್ತರಿಸಿ ಬಯಾಪ್ಸಿ ಮಾಡುವುದು ರೂಢಿ. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಇಂತಹ ಪ್ರತಿಕಾಯಗಳಿರುವುದನ್ನು ಬ್ಯೂಟ್ನರ್ ಮತ್ತು ಜಾರ್ಡನ್ 1964ರಲ್ಲಿ ಇಮ್ಯುನೋಫ್ಲೋರೆಸೆನ್ಸ್ ವಿಧಾನದಿಂದ ತೋರಿಸಿದರು. ಅದೇ ವಿಧಾನದಲ್ಲಿ ಚರ್ಮದ ತುಣುಕನ್ನು ಪರೀಕ್ಷಿಸುವುದು ಇಂದಿಗೂ ನಿರ್ಣಾಯಕವಾಗಿದೆ.

ಕತ್ತರಿಸದೆ ನೋಡುವ ಪ್ರಯತ್ನಗಳು ಈಚಿನವು. ಕಾನ್‌ಫೋಕಲ್ ಸೂಕ್ಷ್ಮದರ್ಶಕವು ಮಂದ ಲೇಸರ್ ಬೆಳಕನ್ನು ಹಾಯಿಸಿ, ಮರಳುವ ಕಿರಣಗಳಿಂದ ಸುಮಾರು 0.2 ಮಿಲಿಮೀಟರ್ ಆಳದವರೆಗೆ ಜೀವಕೋಶಗಳನ್ನೇ ಕಾಣಿಸುತ್ತದೆ. ಪೆಂಫಿಗಸ್‌ನಲ್ಲಿ ಮೇಲ್ಚರ್ಮದೊಳಗಿನ ಬಿರುಕು, ಅದರಲ್ಲಿ ಬಿಡಿಯಾಗಿ ತೇಲುವ ಜೀವಕೋಶಗಳು ಗೋಚರಿಸುತ್ತವೆ. ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ 1ರಿಂದ 2 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆಯಾದರೂ ಅಷ್ಟು ಸೂಕ್ಷ್ಮವಾಗಿ ತೋರಿಸದು. ಗುಳ್ಳೆ ಮೇಲ್ಚರ್ಮದ ಒಳಗಿದೆಯೋ ಕೆಳಗಿದೆಯೋ ಎಂಬುದನ್ನು ತಿಳಿಸಬಲ್ಲದು. ಬಾಯಿಹುಣ್ಣಿನಿಂದ ನರಳುವವರಿಗೆ ಕತ್ತರಿಯಿಲ್ಲದ ಪರೀಕ್ಷೆ ಸಣ್ಣ ಉಪಕಾರವಲ್ಲ.

ಆದರೆ ಇವೆರಡಕ್ಕೂ ಪ್ರತಿಕಾಯಗಳು ಕಾಣವು. ದಪ್ಪ ಹಕ್ಕಳೆಯಿದ್ದಲ್ಲಿ ನೋಟವೂ ಮಸುಕಾಗುತ್ತದೆ. ಆದುದರಿಂದ ಬಯಾಪ್ಸಿಗೆ ತಕ್ಕ ಜಾಗವನ್ನು ಆರಿಸಲು, ಚಿಕಿತ್ಸೆಯ ಫಲವನ್ನು ಮತ್ತೆ ಮತ್ತೆ ಗಮನಿಸಲು ಇವು ನೆರವಾಗುತ್ತವೆಯೇ ಹೊರತು ಬಯಾಪ್ಸಿಯ ಸ್ಥಾನವನ್ನು ತುಂಬಿಲ್ಲ. ಇಂತಹ ದುಬಾರಿ ಯಂತ್ರವಿಲ್ಲದ ಹಳ್ಳಿಯಲ್ಲಿ ಮೂರು ಸಂಗತಿಗಳನ್ನು ಬರಿಗಣ್ಣಿನಿಂದಲೇ ನೋಡಬಹುದು: ಗುಳ್ಳೆಗಳು ಎರಡೂ ಪಾರ್ಶ್ವಗಳಲ್ಲಿವೆಯೇ, ಬಾಯೊಳಗೆ ಹುಣ್ಣಿದೆಯೇ, ತಿಂಗಳು ಕಳೆದರೂ ಹೊಸ ಗುಳ್ಳೆಗಳು ಏಳುತ್ತಿವೆಯೇ. ಇವುಗಳಲ್ಲಿ ಒಂದಿದ್ದರೂ ಅದನ್ನು ಸರ್ಪಸುತ್ತೆಂದು ಕರೆದು ಸುಮ್ಮನಿರುವಂತಿಲ್ಲ, ಚರ್ಮವೈದ್ಯರನ್ನು ಕಾಣಬೇಕು.